ಪರದೆ, ಕಾಗದ, ಬಟ್ಟೆ, ಗೋಡೆ: ಬಣ್ಣದ ವಿಷಯದಲ್ಲಿ ಕಣ್ಣು ಸ್ವಲ್ಪ ಕೈಕೊಡುವವರಿಗೆ ಮ್ಯಾಚಿಂಗ್ ಮಾರ್ಗದರ್ಶಿ

ಕೆಲವು ವರ್ಷದ ಹಿಂದೆ ಒಬ್ಬ ಗಿರಾಕಿ ಮಗಳ ಮದುವೆ ಪತ್ರಿಕೆ ಮಾಡಿಸೋಕೆ ಬಂದರು. ಜೇಬಿನಿಂದ ಬೆರಳಗಲದ ಬಟ್ಟೆ ತುಂಡೊಂದನ್ನು ತೆಗೆದರು. ಸೀರೆ ಜೊತೆ ಬಂದ ರವಿಕೆ ಬಟ್ಟೆಯಿಂದ ಕತ್ತರಿಸಿದ್ದು. ಸ್ವಲ್ಪ ಮಾಸಿದಂಥ ರಾಮಾ ಗ್ರೀನ್. "ಪತ್ರಿಕೆಗೂ ಇದೇ ಬಣ್ಣ ಬೇಕು" ಅಂದರು. ನಾನು ತುಂಡನ್ನು ಪರದೆಯ ಪಕ್ಕ ಹಿಡಿದು, ಹತ್ತು ನಿಮಿಷ ಸ್ಲೈಡರ್ ಎಳೆದಾಡಿ, ಎರಡೂ ಒಂದೇ ಅನ್ನಿಸಿದ ಮೇಲೆ ಪ್ರೂಫ್ ತೆಗೆದೆ. ಮರುದಿನ ಅವರ ಹೆಂಡತಿ ಬಂದು ನೋಡಿ ಕೇಳಿದ್ದು ಒಂದೇ ಮಾತು: "ಅಣ್ಣಾ, ಇದು ಬೂದಿ ಬಣ್ಣ ಅಲ್ವಾ?"

ಆಮೇಲೆ ಡೈಯಿಂಗ್ ಲ್ಯಾಬ್‌ನಲ್ಲಿರುವ ಗೆಳೆಯನ ಹತ್ತಿರ ಎರಡನ್ನೂ ಯಂತ್ರದಲ್ಲಿ ಅಳೆಸಿದೆ. ಬಟ್ಟೆಯ ಅಂಕಿ 45, −15, −6. ನನ್ನ ಪ್ರೂಫಿನದು 45, −5, −7. ಮೊದಲ ಅಂಕಿ ಸರಿ, ಮೂರನೆಯದೂ ಹೆಚ್ಚುಕಮ್ಮಿ ಸರಿ. ನಡುವಿನ ಅಂಕಿಯಲ್ಲಿ ಮಾತ್ರ ಹತ್ತರ ಅಂತರ. ಈ ಅಂಕಿಗಳ ಅರ್ಥ ಮುಂದೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ಸಾಕು: ನನ್ನ ಕಣ್ಣು ಪೂರ್ತಿ ತಪ್ಪಿರಲಿಲ್ಲ, ಒಂದೇ ದಿಕ್ಕಿನಲ್ಲಿ ತಪ್ಪಿತ್ತು. ಆ ದಿಕ್ಕು ಯಾವುದು ಅಂತ ಗೊತ್ತಾದ ಮೇಲೆ ಕೆಲಸ ಸುಲಭವಾಯಿತು.

ನಾನು ದಾವಣಗೆರೆಯಲ್ಲಿ ಡಿಟಿಪಿ ಮತ್ತು ಸ್ಕ್ರೀನ್ ಪ್ರಿಂಟಿಂಗ್ ಮಾಡಿಕೊಂಡಿರುವವನು. ನನಗಿರುವುದು ಡ್ಯೂಟರಾನಾಮಲಿ, ಅಂದರೆ ಕೆಂಪು-ಹಸಿರಿನ ಛಾಯೆ ಸರಿಯಾಗಿ ಗೊತ್ತಾಗದ ಕೊರತೆ, ಅದೂ ಸೌಮ್ಯವಾದದ್ದು. ಸಿಗ್ನಲ್ ದೀಪ ಕಾಣುತ್ತದೆ, ಕೆಂಪು ಹಸಿರು ಎರಡೂ ಗೊತ್ತಾಗುತ್ತವೆ. ಮೂವತ್ತು ದಾಟುವವರೆಗೆ ನನಗೆ ಕೊರತೆ ಇದೆ ಅಂತಲೇ ಗೊತ್ತಿರಲಿಲ್ಲ. ನನ್ನಂಥವರಿಗೆ ದಿನದ ಬದುಕಿನಲ್ಲಿ ಏನೂ ತೊಂದರೆ ಇಲ್ಲ. ಒಂದು ವಸ್ತುವಿನ ಬಣ್ಣವನ್ನು ಇನ್ನೊಂದು ವಸ್ತುವಿಗೆ ತರಬೇಕಾದಾಗ ಮಾತ್ರ ಸಿಕ್ಕಿಬೀಳುತ್ತೇವೆ. ಈ ಬರಹ ಅಂಥ ಡಿಸೈನರ್, ದರ್ಜಿ, ಪ್ರೆಸ್ಸಿನವರು, ಪೇಂಟರ್‌ಗಳಿಗೆ.

ಮೊದಲು, ಮ್ಯಾಚ್ ಅಂದರೆ ಏನು

ಕಣ್ಣಿನ ಒಳಪರದೆಯಲ್ಲಿ ಬಣ್ಣ ಹಿಡಿಯುವ ಮೂರು ಬಗೆಯ ಕೋಶಗಳಿವೆ. ಇವಕ್ಕೆ ಕೋನ್ ಅನ್ನುತ್ತಾರೆ. ಒಂದು ಬಗೆ ಬೆಳಕಿನ ಉದ್ದ ಅಲೆಗಳಿಗೆ, ಒಂದು ಮಧ್ಯದ್ದಕ್ಕೆ, ಒಂದು ಗಿಡ್ಡ ಅಲೆಗಳಿಗೆ ಹೆಚ್ಚು ಮಿಡಿಯುತ್ತದೆ. ಮಿದುಳಿಗೆ ಹೋಗುವುದು ಈ ಮೂರರ ಲೆಕ್ಕ ಮಾತ್ರ. ಪರದೆಯ ಹಸಿರು ಮೂರು ಸಣ್ಣ ದೀಪಗಳ ಮಿಶ್ರಣ. ಬಟ್ಟೆಯ ಹಸಿರು ಡೈ ನುಂಗದೆ ಬಿಟ್ಟ ಬೆಳಕು. ಎರಡೂ ಬೇರೆ ಬೇರೆ ಬೆಳಕು. ಆದರೂ ಮೂರು ಕೋನ್‌ಗಳ ಲೆಕ್ಕ ಒಂದೇ ಬಂದರೆ "ಮ್ಯಾಚ್ ಆಯ್ತು" ಅನ್ನುತ್ತೇವೆ. ಅಂದರೆ ಮ್ಯಾಚ್ ನೋಡುವವನ ಕೋನ್‌ಗಳ ಮೇಲೆ ನಿಂತಿದೆ. ಕೋನ್ ಬದಲಾದರೆ ಮ್ಯಾಚೂ ಬದಲು.

ಇದನ್ನು ಮೊದಲು ಗಮನಿಸಿದವರು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ, 1881ರಲ್ಲಿ. ಕೆಂಪು ಮತ್ತು ಹಸಿರು ಬೆಳಕನ್ನು ಬೆರೆಸಿ ಹಳದಿಗೆ ಸರಿಹೊಂದಿಸುವ ಪ್ರಯೋಗ ಅವರದು. ಬಹಳ ಜನ ಒಂದೇ ಪ್ರಮಾಣದಲ್ಲಿ ಬೆರೆಸಿದರು. ಅವರ ಹೆಂಡತಿಯ ಅಣ್ಣತಮ್ಮಂದಿರಲ್ಲಿ ಕೆಲವರ ಪ್ರಮಾಣ ಮಾತ್ರ ಪೂರಾ ಬೇರೆ. ಹಳದಿಗೆ ಹಳದಿ ಸರಿ ಅಂತ ಅವರು ಒಪ್ಪಿದ್ದು ಉಳಿದವರಿಗೆ ಬೇರೆ ಬಣ್ಣವಾಗಿ ಕಂಡಿತು. ಇವತ್ತಿಗೂ ಕೆಂಪು-ಹಸಿರು ಕೊರತೆಯನ್ನು ಪಕ್ಕಾ ಅಳೆಯುವ ಅನಾಮಲೋಸ್ಕೋಪ್ ಯಂತ್ರ ಇದೇ ತತ್ವದಲ್ಲಿ ಕೆಲಸ ಮಾಡುತ್ತದೆ. ನನ್ನಂಥ ಡ್ಯೂಟರಾನಾಮಲಿಯವರು ಅದರಲ್ಲಿ ಹಸಿರು ಜಾಸ್ತಿ ಹಾಕುತ್ತಾರೆ. ಇದೇ ಕೊರತೆಯ ಇನ್ನೊಂದು ಬಗೆಯಾದ ಪ್ರೋಟನಾಮಲಿಯವರು ಕೆಂಪು ಜಾಸ್ತಿ ಹಾಕುತ್ತಾರೆ.

ಕಾರಣ ಇಷ್ಟೇ. ನಮ್ಮಲ್ಲಿ ಮೂರು ಕೋನ್‌ಗಳೂ ಇವೆ. ಆದರೆ ಮಧ್ಯದ್ದು ಮತ್ತು ಉದ್ದದ್ದು ಎರಡೂ ಇರಬೇಕಾದದ್ದಕ್ಕಿಂತ ಹತ್ತಿರ ಸರಿದುಬಿಟ್ಟಿವೆ. ಎರಡರ ನಡುವಿನ ವ್ಯತ್ಯಾಸದಿಂದಲೇ ಕೆಂಪು-ಹಸಿರು ಗೊತ್ತಾಗೋದು. ವ್ಯತ್ಯಾಸ ಸಣ್ಣದಾದರೆ ಕೆಂಪು-ಹಸಿರಿನ ಸಣ್ಣ ಛಾಯೆಗಳು ಕರಗಿಹೋಗುತ್ತವೆ.

ಇನ್ನೊಂದು ಮಗ್ಗುಲೂ ಇದೆ. ಒಮ್ಮೆ ಖಾಕಿ ಟೀಶರ್ಟಿನ ಜೇಬಿಗೆ ಅದೇ ಬಣ್ಣದ ಇಂಕಿನಲ್ಲಿ ಪ್ರಿಂಟ್ ಹಾಕಬೇಕಿತ್ತು. ಇಂಕು ಕಲಸಿದೆವು. ಅಂಗಡಿಯಲ್ಲಿದ್ದ ಮೂವರೂ "ಪಕ್ಕಾ ಮ್ಯಾಚ್" ಅಂದರು. ನನಗೆ ಮಾತ್ರ ಅದು ಎದ್ದು ಕಾಣುತ್ತಿತ್ತು. ಅರ್ಧ ಗಂಟೆ ವಾದ ಮಾಡಿದೆ. ಗಿರಾಕಿ ಬಂದು "ಸೂಪರ್" ಅಂದು ತೆಗೆದುಕೊಂಡು ಹೋದರು. ಡೈ ಬೇರೆ, ಇಂಕಿನ ಪಿಗ್ಮೆಂಟ್ ಬೇರೆ. ಅವರ ಕೋನ್‌ಗಳ ಲೆಕ್ಕ ಕೂಡಿತು, ನನ್ನದು ಕೂಡಲಿಲ್ಲ. 2005ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಇದನ್ನು ಪ್ರಯೋಗದಲ್ಲೇ ತೋರಿಸಿದರು. ಸರಿಯಾಗಿ ಕಾಣುವ ಕಣ್ಣಿಗೆ ಒಂದೇ ಅನ್ನಿಸುವ ಕೆಲವು ಬಣ್ಣದ ಜೋಡಿಗಳು ಡ್ಯೂಟರಾನಾಮಲಿ ಇರುವವರಿಗೆ ಬೇರೆ ಬೇರೆ ಕಾಣುತ್ತವೆ. ಆದ್ದರಿಂದ "ನನಗೆ ಒಂದೇ ಕಾಣುತ್ತೆ" ಅನ್ನೋದನ್ನಷ್ಟೇ ಅಲ್ಲ, "ನನಗೆ ಬೇರೆ ಕಾಣುತ್ತೆ" ಅನ್ನೋದನ್ನೂ ಪೂರ್ತಿ ನಂಬಬೇಡಿ.

ಹಂತ 1: ನಿಮ್ಮ ಕಣ್ಣಿನ ಜಾತಕ ತಿಳಿದುಕೊಳ್ಳಿ

ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಮೊದಲು ಚುಕ್ಕಿಗಳ ಮಧ್ಯೆ ಅಂಕಿ ಅಡಗಿರುವ ಪುಸ್ತಕ ತೋರಿಸುತ್ತಾರೆ. ಅದು ಇಶಿಹಾರ ಪರೀಕ್ಷೆ, 1917ರಿಂದ ಇರುವಂಥದ್ದು. ಕೊರತೆ ಇದೆಯೋ ಇಲ್ಲವೋ ಅನ್ನೋದನ್ನು ಅದು ಚೆನ್ನಾಗಿ ಹೇಳುತ್ತದೆ. ಎಷ್ಟಿದೆ ಅನ್ನೋದನ್ನು ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಅದಕ್ಕೆ ಡಿ-15 ಅನ್ನುವ ಪರೀಕ್ಷೆ ಕೇಳಿ. ಹದಿನೈದು ಬಣ್ಣದ ಬಿಲ್ಲೆಗಳನ್ನು ಸಾಲಾಗಿ ಜೋಡಿಸಬೇಕು. ಇಶಿಹಾರದಲ್ಲಿ ಫೇಲಾಗಿ ಡಿ-15ರಲ್ಲಿ ಪಾಸಾದರೆ ನಿಮ್ಮದು ಸಾಮಾನ್ಯವಾಗಿ ಸೌಮ್ಯ ಅಥವಾ ಮಧ್ಯಮ ಅಂತ ಲೆಕ್ಕ. ಇನ್ನೂ ಸೂಕ್ಷ್ಮವಾಗಿ ನೋಡಲು ಫಾರ್ನ್ಸ್‌ವರ್ತ್-ಮನ್ಸೆಲ್ 100 ಹ್ಯೂ ಪರೀಕ್ಷೆ ಇದೆ. ಅದರ ಹೆಸರಿನಲ್ಲಿ ನೂರು ಅಂತಿದ್ದರೂ ಬಿಲ್ಲೆಗಳಿರುವುದು 85. ಮೊಬೈಲಿನಲ್ಲಿ ಮಾಡುವ ಪರೀಕ್ಷೆ ಬರೀ ಸುಳಿವು, ಯಾಕಂದರೆ ಆ ಪರದೆಯ ಬಣ್ಣವೇ ಸರಿ ಇದೆ ಅನ್ನೋಕೆ ಗ್ಯಾರಂಟಿ ಇಲ್ಲ.

ಡಾಕ್ಟರನ್ನು ಮರೆಯದೆ ಕೇಳಬೇಕಾದದ್ದು: ನನ್ನದು ಡ್ಯೂಟನ್ ಬಗೆಯೋ (ಮಧ್ಯದ ಕೋನಿನ ತೊಂದರೆ), ಪ್ರೋಟನ್ ಬಗೆಯೋ (ಉದ್ದ ಅಲೆಯ ಕೋನಿನ ತೊಂದರೆ)? ಕೆಲಸದಲ್ಲಿ ಇದರಿಂದ ದೊಡ್ಡ ವ್ಯತ್ಯಾಸ ಆಗುತ್ತದೆ. ಡ್ಯೂಟನ್ ಬಗೆಯವರಿಗೆ ಬಣ್ಣದ ಗಾಢ-ತಿಳಿ ಸರಿಯಾಗೇ ಕಾಣುತ್ತದೆ. ಪ್ರೋಟನ್ ಬಗೆಯವರಿಗೆ ಕೆಂಪು ಮಬ್ಬಾಗಿ, ಕಪ್ಪಿಗೆ ಹತ್ತಿರವಾಗಿ ಕಾಣುತ್ತದೆ. ಅವರು ಕೆಂಪಿನ ಗಾಢತೆಯ ಬಗ್ಗೆಯೂ ತಮ್ಮ ಕಣ್ಣನ್ನು ನಂಬುವ ಹಾಗಿಲ್ಲ. ರಾಜ್ಯೋತ್ಸವದ ಟೀಶರ್ಟ್ ಮಾಡುವಾಗ ನನಗೆ ಹಳದಿ-ಕೆಂಪು ಕಷ್ಟವೇ ಅಲ್ಲ. ಪ್ರೋಟನ್ ಬಗೆಯವರು ಅದೇ ಕೆಂಪನ್ನು ತುಂಬಾ ಗಾಢ ಅಂದುಕೊಂಡು ಕಿತ್ತಳೆಯ ಕಡೆಗೆ ಎಳೆದುಬಿಡಬಹುದು.

ಇದು ಹುಟ್ಟಿನಿಂದ ಬರುವಂಥದ್ದು, ಎಕ್ಸ್ ಕ್ರೋಮೋಸೋಮಿನ ಮೇಲೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುತ್ತದೆ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8% ಜನಕ್ಕೆ, ಹೆಂಗಸರಲ್ಲಿ ಸುಮಾರು 0.5% ಜನಕ್ಕೆ ಕೆಂಪು-ಹಸಿರು ಕೊರತೆ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ಯೂಟರಾನಾಮಲಿ. ನನ್ನ ಸೋದರಮಾವ ಹೊಲದಲ್ಲಿ ಹಣ್ಣು ಮೆಣಸಿನಕಾಯಿ ಬಿಡಿಸುವಾಗ ಎಲೆ ಮಧ್ಯೆ ತಡಕಾಡಿ ಅಜ್ಜನ ಹತ್ತಿರ ಬೈಸಿಕೊಳ್ಳುತ್ತಿದ್ದ. ಪಾಪ, ಅದು ಸೋಮಾರಿತನ ಅಲ್ಲ ಅಂತ ನನ್ನ ಪರೀಕ್ಷೆ ಆದ ಮೇಲೆ ಗೊತ್ತಾಯಿತು.

ಒಂದು ಎಚ್ಚರಿಕೆ. ಇದುವರೆಗೆ ಸರಿ ಇದ್ದ ಬಣ್ಣದ ಕಣ್ಣು ಇತ್ತೀಚೆಗೆ ಕೆಟ್ಟಿದ್ದರೆ, ಅಥವಾ ಒಂದು ಕಣ್ಣಿಗೂ ಇನ್ನೊಂದಕ್ಕೂ ಬಣ್ಣ ಬೇರೆ ಕಾಣುತ್ತಿದ್ದರೆ, ಈ ಬರಹ ಪಕ್ಕಕ್ಕಿಟ್ಟು ತಕ್ಷಣ ಡಾಕ್ಟರನ್ನು ನೋಡಿ. ಕ್ಷಯಕ್ಕೆ ಕೊಡುವ ಎಥಾಂಬ್ಯುಟಾಲ್ ಮಾತ್ರೆ ಕೆಲವರಲ್ಲಿ ಕಣ್ಣಿನ ನರಕ್ಕೆ ತೊಂದರೆ ಕೊಟ್ಟು ಬಣ್ಣದ ಗುರುತು ಕೆಡಿಸುತ್ತದೆ. ಸಕ್ಕರೆ ಕಾಯಿಲೆ, ಗ್ಲಾಕೋಮಾದಲ್ಲೂ ಹೀಗಾಗಬಹುದು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿ ಮಂಕಾಗುವುದು ಎಲ್ಲರಿಗೂ ಇದ್ದದ್ದೇ.

ಹಂತ 2: ಎಲ್ಲಿ ಎಡವುತ್ತೀರಿ, ಬರೆದಿಡಿ

ಒಂದು ದಪ್ಪ ನೋಟ್‌ಬುಕ್ ತೆಗೆದುಕೊಳ್ಳಿ. ಮ್ಯಾಚಿಂಗ್ ಸೆಂಟರಿನಿಂದ ಚೂರುಪಾರು ರವಿಕೆ ಬಟ್ಟೆ ತಂದು ಅಂಟಿಸಿ. ಪಕ್ಕದಲ್ಲಿ ನಿಮಗೆ ಅನ್ನಿಸಿದ ಹೆಸರು ಬರೆಯಿರಿ. ಇನ್ನೊಂದು ಕಾಲಂನಲ್ಲಿ ಬಣ್ಣ ಚೆನ್ನಾಗಿ ಕಾಣುವವರು ಹೇಳಿದ ಹೆಸರು. ನನ್ನ ಪುಸ್ತಕದಲ್ಲಿ ಜಗಳ ಆದ ಜೋಡಿಗಳು ಇವು: ಈರುಳ್ಳಿ ಬಣ್ಣ ಮತ್ತು ಬೂದು. ಮೆಹಂದಿ ಹಸಿರು ಮತ್ತು ಕಾಫಿ ಬಣ್ಣ. ಮಾಸಿದ ರಾಮಾ ಗ್ರೀನ್ ಮತ್ತು ಬೂದು. ನೇರಳೆ ಮತ್ತು ಗಾಢ ನೀಲಿ. ಮಾವಿನ ಚಿಗುರಿನ ಬಣ್ಣ ಮತ್ತು ತಿಳಿ ಕನಕಾಂಬರ. ನೀಲಿ-ಹಳದಿಯ ಒಂದು ಜಗಳವೂ ಇಲ್ಲ ನೋಡಿ.

ತಪ್ಪು ಜಾಸ್ತಿ ಆಗುವ ಸಂದರ್ಭವೂ ಗೊತ್ತಾಗುತ್ತದೆ. ತುಂಡು ಸಣ್ಣದಿದ್ದಾಗ, ಬಣ್ಣ ಮಾಸಲು ಅಥವಾ ತೀರ ತಿಳಿಯಿದ್ದಾಗ, ಬೆಳಕು ಕಮ್ಮಿ ಇದ್ದಾಗ, ಅವಸರದಲ್ಲಿ ನೋಡಿದಾಗ. ದೊಡ್ಡ ತುಂಡು, ಒಳ್ಳೆ ಬೆಳಕು, ಸಮಾಧಾನ ಇದ್ದರೆ ಸೌಮ್ಯ ಕೊರತೆಯವರ ಕಣ್ಣು ಸಾಕಷ್ಟು ಸುಧಾರಿಸುತ್ತದೆ. ಹಾಗಾಗಿ ಬೆರಳಗಲದ ತುಂಡು ತಂದವರಿಗೆ ಈಗ ನಾನು "ಅಂಗೈಯಗಲ ಇಲ್ಲದೆ ಕೆಲಸ ಹಿಡಿಯಲ್ಲ" ಅಂತ ಸೀದಾ ಹೇಳುತ್ತೇನೆ.

ಹಂತ 3: ಬೆಳಕು

1794ರಲ್ಲಿ ಜಾನ್ ಡಾಲ್ಟನ್ ತಮ್ಮ ಬಣ್ಣದ ಕಣ್ಣಿನ ಬಗ್ಗೆ ಒಂದು ಪ್ರಬಂಧ ಓದಿದರು. ಪರಮಾಣು ಸಿದ್ಧಾಂತದ ಡಾಲ್ಟನ್ ಅವರೇ. ಅವರಿಗೆ ಅನುಮಾನ ಹುಟ್ಟಿಸಿದ್ದು ಒಂದು ಜೆರೇನಿಯಂ ಹೂವು. ಗುಲಾಬಿ ಬಣ್ಣದ ಆ ಹೂವು ಹಗಲಲ್ಲಿ ಅವರಿಗೆ ಆಕಾಶ ನೀಲಿಯಾಗಿ, ಮೇಣದಬತ್ತಿ ಬೆಳಕಲ್ಲಿ ಕೆಂಪಾಗಿ ಕಾಣುತ್ತಿತ್ತು. ಅವರ ಅಣ್ಣನಿಗೂ ಹಾಗೆಯೇ. ಉಳಿದ ಯಾರಿಗೂ ಇಷ್ಟು ದೊಡ್ಡ ಬದಲಾವಣೆ ಕಾಣಲಿಲ್ಲ. ಡಾಲ್ಟನ್ ತೀರಿಕೊಂಡ ಮೇಲೆ ಅವರ ಕಣ್ಣನ್ನು ಕಾಪಾಡಿ ಇಟ್ಟಿದ್ದರು. 1995ರಲ್ಲಿ ಅದರ ಡಿಎನ್‌ಎ ಪರೀಕ್ಷೆ ಮಾಡಿ ಮಧ್ಯದ ಕೋನ್ ಇರಲೇ ಇಲ್ಲ ಅಂತ ಕಂಡುಕೊಂಡರು. ಅವರದು ತೀವ್ರ ಕೊರತೆ, ನಮ್ಮದು ಸೌಮ್ಯ. ಆದರೆ ಪಾಠ ಒಂದೇ: ಬೆಳಕು ಬದಲಾದರೆ ನಮ್ಮ ತೀರ್ಪು ಬೇರೆಯವರ ತೀರ್ಪಿನಿಂದ ಇನ್ನೂ ದೂರ ಹೋಗಬಹುದು.

ಬಟ್ಟೆ ಅಂಗಡಿಯಲ್ಲಿ ಅಮ್ಮಂದಿರು ಸೀರೆ ಹಿಡಿದು ಬಾಗಿಲ ಹೊರಗೆ ಓಡೋದು ಇದೇ ಕಾರಣಕ್ಕೆ. ಒಂದು ಬೆಳಕಿನಲ್ಲಿ ಕೂಡಿದ ಎರಡು ಬಣ್ಣ ಇನ್ನೊಂದರಲ್ಲಿ ಒಡೆಯುತ್ತವೆ. ಇದಕ್ಕೆ ಮೆಟಮೆರಿಸಂ ಅನ್ನುತ್ತಾರೆ. ನಾನು ಮಾಡೋದು ಹೀಗೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗೆ, ನೇರ ಬಿಸಿಲು ಬೀಳದ ಉತ್ತರದ ಕಿಟಕಿ ಹತ್ತಿರ ಮೊದಲ ನೋಟ. ಆಮೇಲೆ ಟ್ಯೂಬ್‌ಲೈಟಿನಲ್ಲಿ, ಕೊನೆಗೆ ಹಳದಿ ಬಲ್ಬಿನಲ್ಲಿ. ಕಲ್ಯಾಣ ಮಂಟಪದ ಬೆಳಕು ಹಳದಿಯೇ ಅಲ್ವಾ? ಮೂರರಲ್ಲೂ ಕೂಡಿದರೆ ಮಾತ್ರ ಓಕೆ. ಕೆಲಸದ ಮೇಜಿಗೆ 6500 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕು), ಸಿಆರ್‌ಐ (ದೀಪ ಬಣ್ಣವನ್ನು ಎಷ್ಟು ಸರಿ ತೋರಿಸುತ್ತದೆ ಅನ್ನುವ ಅಂಕಿ) 90ಕ್ಕಿಂತ ಮೇಲಿರುವ ಎಲ್‌ಇಡಿ ಹಾಕಿಸಿ. ಅಗ್ಗದ ಎಲ್‌ಇಡಿಗಳಲ್ಲಿ ಗಾಢ ಕೆಂಪು ಬೆಳಕು ಕಮ್ಮಿ ಇರುತ್ತದೆ. ನಮಗೆ ಮೊದಲೇ ಕೊರತೆ, ಅದಕ್ಕೆ ದೀಪವೂ ಕೈಕೊಟ್ಟರೆ ಮುಗೀತು. ಮೇಜಿನ ಮೇಲೆ ಬೂದು ಬಣ್ಣದ ಹಾಳೆ ಹಾಸಿ. ಕೆಂಪು ಸನ್‌ಮೈಕಾ ಮೇಲಿಟ್ಟ ಬಟ್ಟೆ ಯಾರ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ.

ಬಣ್ಣಗುರುಡು ಸರಿ ಮಾಡುತ್ತೇವೆ ಅಂತ ಮಾರುವ ಬಣ್ಣದ ಕನ್ನಡಕಗಳ ಬಗ್ಗೆ ಕೇಳುತ್ತೀರಿ. ಅವು ಕೆಲವು ಅಲೆಗಳನ್ನು ಕತ್ತರಿಸಿ ಕೆಂಪು-ಹಸಿರಿನ ಅಂತರವನ್ನು ಎತ್ತಿ ತೋರಿಸುತ್ತವೆ. ಹೂದೋಟ ನೋಡೋಕೆ ಚೆನ್ನ. ಕಣ್ಣಿಗೆ ಹೊಸ ಕೋನ್ ಕೊಡುವುದಿಲ್ಲ. ಮ್ಯಾಚಿಂಗ್ ಮೇಜಿನಲ್ಲಿ ಮಾತ್ರ ತೆಗೆದಿಡಿ. ಅವನ್ನು ಹಾಕಿಕೊಂಡು ಮಾಡಿದ ಮ್ಯಾಚ್ ನಿಮ್ಮ ಕಣ್ಣಿನದೂ ಅಲ್ಲ, ಗಿರಾಕಿಯದೂ ಅಲ್ಲ.

ಹಂತ 4: ಪರದೆ, ಮತ್ತು ಆ ಮೂರು ಅಂಕಿ

ಈಗ 45, −15, −6ಕ್ಕೆ ಬರೋಣ. ಇದಕ್ಕೆ ಲ್ಯಾಬ್ ಅಂಕಿ ಅನ್ನುತ್ತಾರೆ (ಪ್ರಯೋಗಾಲಯ ಅಲ್ಲ, ಎಲ್-ಎ-ಬಿ ಅಕ್ಷರಗಳು), 1976ರಿಂದ ಜಗತ್ತಿನ ಬಣ್ಣದ ಕೆಲಸ ಬಹಳಷ್ಟು ಇದರ ಮೇಲೆ ನಡೆಯುತ್ತಿದೆ. ಮೊದಲನೆಯದು ಎಲ್: ಸೊನ್ನೆ ಅಂದರೆ ಕಪ್ಪು, ನೂರು ಅಂದರೆ ಬಿಳಿ. ಎರಡನೆಯದು ಎ: ಪ್ಲಸ್ ಕೆಂಪಿನ ಕಡೆ, ಮೈನಸ್ ಹಸಿರಿನ ಕಡೆ. ಮೂರನೆಯದು ಬಿ: ಪ್ಲಸ್ ಹಳದಿ, ಮೈನಸ್ ನೀಲಿ. ಫೋಟೋಶಾಪಿನ ಇನ್ಫೋ ಪ್ಯಾನೆಲ್‌ನಲ್ಲಿ ಬಲಗಡೆ ಲ್ಯಾಬ್ ಆಯ್ಕೆ ಮಾಡಿಕೊಂಡರೆ ಕರ್ಸರ್ ಇಟ್ಟಲ್ಲೆಲ್ಲ ಈ ಅಂಕಿ ಬರುತ್ತದೆ.

ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ನಮ್ಮ ಕೊರತೆ ಹೆಚ್ಚುಕಮ್ಮಿ ಪೂರ್ತಿ ಎ ಅನ್ನುವ ಒಂದೇ ಅಂಕಿಯಲ್ಲಿ ಕೂತಿದೆ. ಆರ್‌ಜಿಬಿಯಲ್ಲಿ (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಅಂಕಿ) 0, 128, 128 ಹಾಕಿ ನೋಡಿ, ಕಡು ರಾಮಾ ಗ್ರೀನ್‌ಗೆ ಹತ್ತಿರದ ಬಣ್ಣ. ಲ್ಯಾಬ್‌ನಲ್ಲಿ ಅದು ಸುಮಾರು 48, −30, −9. ಪಕ್ಕದಲ್ಲಿ 114, 114, 114ರ ಬೂದು ಹಾಕಿ. ಅದು 48, 0, 0. ಗಾಢತೆ ಒಂದೇ, ನೀಲಿ-ಹಳದಿಯಲ್ಲಿ ಸ್ವಲ್ಪ ಫರಕು, ಉಳಿದದ್ದೆಲ್ಲ ಎ. ಆ ಹಸಿರನ್ನು ಮೆಲ್ಲಗೆ ಮಾಸಲು ಮಾಡುತ್ತಾ ಹೋಗಿ. ಎಲ್ಲಿ ಎರಡೂ ನಿಮಗೆ ಒಂದೇ ಅನ್ನಿಸುತ್ತವೋ ಅಲ್ಲಿಯ ಎ ಅಂಕಿ ಬರೆದುಕೊಳ್ಳಿ. ಅದೇ ನಿಮ್ಮ ಕುರುಡು ಅಂತರ. ನನಗೆ ಅದು ಹತ್ತರ ಆಸುಪಾಸು. ಮದುವೆ ಪತ್ರಿಕೆಯ ಎಡವಟ್ಟೂ ಸರಿಯಾಗಿ ಹತ್ತೇ.

ಅಲ್ಲಿಂದ ನಿಯಮ ಸರಳ. ಎಲ್ ಮತ್ತು ಬಿಯನ್ನು ಕಣ್ಣಿನಿಂದ ಹೊಂದಿಸಿ. ಪ್ರೋಟನ್ ಬಗೆಯವರು ಬಿಯನ್ನು ಮಾತ್ರ. ಎ ಅನ್ನು ಯಾವತ್ತೂ ಅಂಕಿ ನೋಡಿಯೇ ಹೊಂದಿಸಿ. ಒಟ್ಟು ಅಂತರವನ್ನು ಡೆಲ್ಟಾ ಇ ಅನ್ನುತ್ತಾರೆ. ಸರಿಯಾಗಿ ಕಾಣುವ ಕಣ್ಣಿಗೆ ಒಂದರ ಹತ್ತಿರದ ಅಂತರ ಕಾಣುವುದೇ ಕಷ್ಟ, ಎರಡು-ಮೂರು ಇದ್ದರೆ ಪಕ್ಕಪಕ್ಕ ಇಟ್ಟಾಗ ಗೊತ್ತಾಗುತ್ತದೆ, ಹತ್ತು ಅಂದರೆ ದೂರದಿಂದಲೇ ಬೇರೆ.

ಪರದೆಯ ತಯಾರಿ ಮಾಮೂಲಿ. ನೈಟ್ ಮೋಡ್, ಕಣ್ಣಿನ ರಕ್ಷಣೆ ಮೋಡ್, ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುವ ಸೌಲಭ್ಯ ಎಲ್ಲ ಆಫ್ ಮಾಡಿ. ಅರ್ಧ ಗಂಟೆ ಪರದೆ ಬಿಸಿಯಾಗಲಿ. ಸ್ಪೈಡರ್ ಥರದ ಕ್ಯಾಲಿಬ್ರೇಟರ್ ಒಂದಿದ್ದರೆ ಪರದೆಯನ್ನು ಅದೇ ಸರಿ ಮಾಡುತ್ತದೆ, ನಿಮ್ಮ ಕಣ್ಣನ್ನು ಕೇಳುವುದಿಲ್ಲ. ಕಣ್ಣಳತೆಯಲ್ಲಿ ಪರದೆ ಸರಿ ಮಾಡುವ ಸಾಫ್ಟ್‌ವೇರ್ ನಮಗೆ ಬೇಡವೇ ಬೇಡ, ಅದು ನಮ್ಮ ಕೊರತೆಯನ್ನು ಪರದೆಗೂ ಅಂಟಿಸುತ್ತದೆ.

ವಾಟ್ಸಾಪಿನಲ್ಲಿ ಬಣ್ಣದ ಫೋಟೋ ಕಳಿಸುವವರಿಗೆ ಕೈ ಮುಗಿಯಿರಿ. ಫೋನ್ ತಾನೇ ಬಿಳಿ ಸಮತೋಲನ ಮಾಡಿ, ತಾನೇ ಬಣ್ಣ ಏರಿಸಿ ಕಳಿಸಿರುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಬಟ್ಟೆ ಪಕ್ಕ ಬೂದು ಕಾರ್ಡ್ ಇಟ್ಟು, ನೆರಳಿನ ಹಗಲಲ್ಲಿ ಫೋಟೋ ತೆಗೆಯಲು ಹೇಳಿ. ಮೊದಲು ಕಾರ್ಡಿನ ಎ, ಬಿ ಎರಡನ್ನೂ ಸೊನ್ನೆಗೆ ತನ್ನಿ. ಬಟ್ಟೆಯ ಅಂಕಿ ಓದೋದು ಆಮೇಲೆ. ಐಡ್ರಾಪರನ್ನು (ಫೋಟೋದಿಂದ ಬಣ್ಣದ ಅಂಕಿ ಹೆಕ್ಕುವ ಸಾಧನ) ಒಂದೇ ಚುಕ್ಕೆಗೆ ಇಡಬೇಡಿ, 5×5ರ ಸರಾಸರಿಗೆ ಹಾಕಿ.

ವಿಡಿಯೋ ಕೆಲಸದವರಿಗೆ ಇದೇ ಜಾಗದಲ್ಲಿ ವೆಕ್ಟರ್‌ಸ್ಕೋಪ್ ಇದೆ, ಅಂದರೆ ಚಿತ್ರದ ಬಣ್ಣ ಯಾವ ಕಡೆ ವಾಲಿದೆ ಅಂತ ತೋರಿಸುವ ನಕ್ಷೆ. ಚರ್ಮದ ಬಣ್ಣ ಅದರಲ್ಲಿ ಒಂದು ನಿಗದಿತ ಗೆರೆಯ ಹತ್ತಿರ ಬರಬೇಕು, ಮುಖ ಹಸಿರಾಯಿತೋ ಕೆಂಪಾಯಿತೋ ಅಂತ ಗೆರೆಯೇ ಹೇಳುತ್ತದೆ. ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಬಣ್ಣಗುರುಡಿನ ಕಾರಣಕ್ಕೆ ಒಬ್ಬರಿಗೆ ಎಡಿಟಿಂಗ್ ಕೋರ್ಸಿನಲ್ಲಿ ಸೀಟು ನಿರಾಕರಿಸಿತ್ತು. ಆ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, 2022ರ ಏಪ್ರಿಲ್‌ನಲ್ಲಿ ಬಣ್ಣಗುರುಡು ಇರುವವರನ್ನು ಕೋರ್ಸುಗಳಿಂದ ಹೊರಗಿಡಬಾರದು, ಬೇಕಾದರೆ ಪಠ್ಯ ಬದಲಿಸಿ ಅಂತ ತೀರ್ಪು ಬಂತು. ನನಗಂತೂ ಬಹಳ ಖುಷಿಯಾಯಿತು.

ಹಂತ 5: ಕಾಗದ ಮತ್ತು ಫ್ಲೆಕ್ಸ್

ಕಾಗದದಲ್ಲಿ ನಮ್ಮನ್ನು ಹಿಡಿದುಹಾಕುವುದು ಬೂದು. ಸಯಾನ್ (ತಿಳಿ ನೀಲಿ), ಮೆಜೆಂಟಾ (ಕಡು ಗುಲಾಬಿ), ಯೆಲ್ಲೋ ಬೆರೆಸಿ ಮಾಡಿದ ಬೂದು ಮಷೀನಿನಲ್ಲಿ ಮೆಜೆಂಟಾ ಚೂರು ಏರಿದರೂ ಗುಲಾಬಿಗೆ ತಿರುಗುತ್ತದೆ. ಇಡೀ ಊರಿಗೆ ಕಾಣುತ್ತದೆ, ನಮಗೆ ಮಾತ್ರ ಕಾಣುವುದಿಲ್ಲ. ಆದ್ದರಿಂದ ಬೂದು ಬಣ್ಣ ಬರೀ ಕಪ್ಪು ಇಂಕಿನಲ್ಲೇ ಮಾಡಿ. 40% ಕಪ್ಪು, ಉಳಿದ ಮೂರೂ ಸೊನ್ನೆ. ಅದು ಗುಲಾಬಿಯಾಗುವ ಪ್ರಶ್ನೆಯೇ ಇಲ್ಲ.

ವಧೂವರರ ಫೋಟೋ ಇದ್ದರೆ ಕೆನ್ನೆಯ ಮೇಲೆ ಕರ್ಸರ್ ಇಟ್ಟು ಸಿಎಂವೈಕೆ (ಈ ಮೂರು ಇಂಕು ಮತ್ತು ಕಪ್ಪಿನ ಪ್ರಮಾಣ) ಓದಿ. ನಮ್ಮ ಜನರ ಚರ್ಮಕ್ಕೆ ಯೆಲ್ಲೋ ಮೆಜೆಂಟಾಗಿಂತ ಸ್ವಲ್ಪ ಜಾಸ್ತಿ, ಸಯಾನ್ ಇವೆರಡಕ್ಕಿಂತ ಎಷ್ಟೋ ಕಮ್ಮಿ ಇರಬೇಕು. ಮೆಜೆಂಟಾ ಮೇಲೆ ಹೋಗಿದ್ದರೆ ಮದುಮಗ ಬಿಸಿಲಲ್ಲಿ ಬೆಂದ ಹಾಗೆ ಬರುತ್ತಾನೆ. ಸಯಾನ್ ಹತ್ತಿರ ಬಂದಿದ್ದರೆ ಜ್ವರ ಬಂದವನ ಹಾಗೆ.

ಒಂದೇ ಬಣ್ಣದ ಲೋಗೋ ಇದ್ದರೆ ಪ್ಯಾಂಟೋನ್ (ಪ್ರೆಸ್ಸಿನವರು ಬಳಸುವ ಸಿದ್ಧ ಶೇಡ್ ಪಟ್ಟಿ) ನಂಬರ್ ಹಿಡಿದು ಮಾತಾಡಿ. ನಂಬರಿನ ಕೊನೆಯ ಸಿ ಅಕ್ಷರ ಹೊಳಪಿನ ಕಾಗದಕ್ಕೆ, ಯು ಸಾದಾ ಕಾಗದಕ್ಕೆ. ಒಂದೇ ಇಂಕು ಎರಡರ ಮೇಲೂ ಬೇರೆ ಕಾಣುತ್ತದೆ. ಹಳೇ ಶೇಡ್ ಪುಸ್ತಕ ಮಾಸಿರುತ್ತದೆ, ಬಿಸಿಲಿಗೆ ಬಿದ್ದಿದ್ದರಂತೂ ಕೇಳಲೇಬೇಡಿ. ಫ್ಲೆಕ್ಸಿಗೆ ಅಂಗೈಯಗಲದ ಸ್ಯಾಂಪಲ್ ಹೊಡೆಸಿ, ಹಿಂದೆ ದೀಪ ಹಾಕುವ ಬೋರ್ಡಾದರೆ ದೀಪ ಹಚ್ಚಿಯೇ ನೋಡಿ.

ಹಂತ 6: ಬಟ್ಟೆ, ದಾರ, ಇಂಕು

ಇಲ್ಲಿ ನಿಧಾನ ಬೇಕು. ರೇಷ್ಮೆಯಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವುದು ಮಾಮೂಲಿ. ಹಸಿರು-ಕೆಂಪು ಎಳೆಯ ಡಬಲ್ ಶೇಡ್ ಸೀರೆಯನ್ನು ಎಲ್ಲರೂ ಓರೆ ಮಾಡಿದರೆ ಬಣ್ಣ ಬದಲಾಗುತ್ತದೆ ಅಂತ ಮೆಚ್ಚುತ್ತಾರೆ. ನಮಗೆ ಆ ಆಟ ಅರ್ಧ ಮಾತ್ರ ಕಾಣುವುದು. ಅಂಚಿನಲ್ಲಿ ಎರಡು ಎಳೆ ಬಿಡಿಸಿ, ಹಾಸು ಹೊಕ್ಕನ್ನು ಬೇರೆ ಬೇರೆ ಬಿಳಿ ಹಾಳೆಯ ಮೇಲಿಟ್ಟು ನೋಡಿ. ಯಾವ ಬಣ್ಣಕ್ಕೆ ಮ್ಯಾಚ್ ಬೇಕು ಅಂತ ಗಿರಾಕಿಯನ್ನೇ ಕೇಳಿ ಬರೆದುಕೊಳ್ಳಿ.

ಹೋಲಿಸುವಾಗ ಎರಡು ಬಟ್ಟೆಯನ್ನೂ ಒಂದೇ ದಿಕ್ಕಿಗೆ ಎಳೆ ಬರುವಂತೆ ಇಡಿ. ತೆಳು ಬಟ್ಟೆಯಾದರೆ ಕೆಳಗಿನದು ತೋರದಂತೆ ನಾಲ್ಕು ಮಡಿಕೆ ಹಾಕಿ. ಎರಡರ ನಡುವೆ ಸಂದು ಬಿಡದೆ ಅಂಚಿಗೆ ಅಂಚು ತಾಗಿಸಿ. ನಡುವಿನ ಗೆರೆ ಮಾಯವಾಯಿತೇ ನೋಡಿ. ಆಮೇಲೆ ಎಡಬಲ ಅದಲು ಬದಲು ಮಾಡಿ ಮತ್ತೆ ನೋಡಿ.

ದಾರ ಕೊಳ್ಳುವಾಗ ಉಂಡೆಯನ್ನು ಬಟ್ಟೆ ಪಕ್ಕ ಇಟ್ಟು ನೋಡೋದು ತಪ್ಪು ಪದ್ಧತಿ. ಉಂಡೆಯಲ್ಲಿ ಗಾಢ ಕಾಣುತ್ತದೆ, ಹೊಲಿದ ಮೇಲೆ ತಿಳಿಯಾಗುತ್ತದೆ. ಒಂದು ಗೇಣು ಎಳೆ ಬಿಚ್ಚಿ ಬಟ್ಟೆ ಮೇಲೆ ಮಲಗಿಸಿ. ಅನುಮಾನ ಬಂದರೆ ಒಂದು ಶೇಡ್ ಗಾಢ ತೆಗೆದುಕೊಳ್ಳಿ. ಒಂದೇ ಎಳೆಯಷ್ಟು ಸಣ್ಣ ಜಾಗದಲ್ಲಿ ನಮ್ಮ ಕೆಂಪು-ಹಸಿರು ಪೂರ್ತಿ ಸೋಲುತ್ತದೆ, ಹಾಗಾಗಿ ದಾರದ ನಂಬರನ್ನು ನೋಟ್‌ಬುಕ್ಕಿನಲ್ಲಿ ಬಟ್ಟೆ ತುಂಡಿನ ಪಕ್ಕ ಬರೆದಿಡಿ. ಮುಂದಿನ ಸಲ ನಂಬರ್ ಹೇಳಿ ತಂದರಾಯಿತು.

ಬಿಳಿ ಬಟ್ಟೆಯಲ್ಲಿ ಮಾತ್ರ ನಾವೇ ರಾಜರು. ಬಿಳಿಯ ಜಗಳ ಬಹಳ ಸಲ ಹಳದಿ-ನೀಲಿಯದು, ಅಂದರೆ ಬಿ ಅಂಕಿಯದು. ಹೊಸ ಬಿಳಿಯಲ್ಲಿ ಹೊಳಪಿನ ರಾಸಾಯನಿಕ ಇದ್ದರೆ ಹಗಲಲ್ಲಿ ನೀಲಿಯಾಗಿ ಮಿಂಚುತ್ತದೆ, ಎಲ್‌ಇಡಿಯಲ್ಲಿ ಮಿಂಚುವುದಿಲ್ಲ. ಅದನ್ನು ನನ್ನ ಹುಡುಗರಿಗಿಂತ ಮೊದಲು ನಾನೇ ಹಿಡಿಯುತ್ತೇನೆ.

ಸ್ಕ್ರೀನ್ ಪ್ರಿಂಟಿಂಗ್ ಇಂಕನ್ನು ಕಣ್ಣಳತೆಯಲ್ಲಿ ಕಲಸುವುದು ಬಿಡಿ. 0.1 ಗ್ರಾಂ ತೋರಿಸುವ ತಕ್ಕಡಿ ತನ್ನಿ. ಹಳದಿ ಎಷ್ಟು ಗ್ರಾಂ, ನೀಲಿ ಎಷ್ಟು, ಬಿಳಿ ಎಷ್ಟು ಅಂತ ಅಡುಗೆ ಪುಸ್ತಕದ ಹಾಗೆ ಬರೆದಿಡಿ. ಕೆಂಪು ಮತ್ತು ಹಸಿರು ಪಿಗ್ಮೆಂಟ್ ಹಾಕುವಾಗ ಒಂದೊಂದೇ ಹನಿ, ಪ್ರತಿ ಹನಿಗೂ ತೂಕ. ಸ್ಯಾಂಪಲ್ಲನ್ನು ಅದೇ ಬಟ್ಟೆಯ ಮೇಲೆ ಎಳೆದು, ಪೂರ್ತಿ ಒಣಗಿಸಿ ಆಮೇಲೆ ನೋಡಿ. ಹಸಿ ಇಂಕಿನ ಬಣ್ಣ ಸುಳ್ಳು ಹೇಳುತ್ತದೆ.

ಹಂತ 7: ಗೋಡೆ

ಇದು ಸುಲಭ. ಕಂಪನಿಯ ಶೇಡ್ ಕೋಡ್ ಇದೆ, ಅಂಗಡಿಯ ಟಿಂಟಿಂಗ್ ಮಷೀನ್ ಅದರ ಪ್ರಕಾರ ಕಲಸುತ್ತದೆ. ಹಳೇ ಗೋಡೆಗೆ ಮ್ಯಾಚ್ ಬೇಕಿದ್ದರೆ ಕಾಣದ ಮೂಲೆಯಿಂದ ನಾಣ್ಯದಗಲ ಪದರ ಕೆತ್ತಿ, ಸ್ಕ್ಯಾನ್ ಮಾಡುವ ಯಂತ್ರ ಇರುವ ಅಂಗಡಿಗೆ ಒಯ್ಯಿರಿ. ತಿಳಿ ಕ್ರೀಮ್, ಬಿಸ್ಕತ್ ಬಣ್ಣಗಳೇ ನಮಗೆ ಗಂಡಾಂತರ, ಅವುಗಳಲ್ಲಿ ಅಡಗಿರುವ ಗುಲಾಬಿ ಅಥವಾ ಹಸಿರು ಛಾಯೆ ನಾಲ್ಕೂ ಗೋಡೆಗೆ ಬಿದ್ದ ಮೇಲೆ ಮನೆಯವರಿಗೆ ಧುತ್ತೆಂದು ಕಾಣುತ್ತದೆ. ಎರಡಡಿ ಚೌಕದ ಸ್ಯಾಂಪಲ್ ಬಳಿದು, ಒಣಗಿದ ಮೇಲೆ ಹಗಲಲ್ಲೂ ರಾತ್ರಿಯಲ್ಲೂ ತೋರಿಸಿ. ಇಡೀ ಕೋಣೆಯ ಡಬ್ಬಗಳನ್ನು ಒಂದೇ ಬ್ಯಾಚಿನಲ್ಲಿ ಕೊಂಡು ದೊಡ್ಡ ಬಕೆಟಿನಲ್ಲಿ ಒಟ್ಟಿಗೆ ಕಲಸಿ.

ಹಂತ 8: ಎರಡನೇ ಕಣ್ಣು

ಎಷ್ಟು ಅಂಕಿ ಇದ್ದರೂ ಕೊನೆಗೆ ಒಂದು ಜೊತೆ ಕಣ್ಣು ಬೇಕು. ಅವರನ್ನೂ ಮೊದಲು ಇಶಿಹಾರ ಪುಸ್ತಕದಲ್ಲಿ ಪರೀಕ್ಷೆ ಮಾಡಿಸಿ. ಹೆಂಗಸರಲ್ಲಿ ಈ ಕೊರತೆ ಅಪರೂಪ. ನಮ್ಮಲ್ಲಿ ಆ ಕೆಲಸ ನನ್ನ ತಂಗಿಯದು, ಅವಳು ಪಕ್ಕದಲ್ಲೇ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ.

ಕೇಳುವ ರೀತಿಯೇ ಮುಖ್ಯ. "ಸರಿ ಇದೆಯಾ?" ಅಂತ ಕೇಳಿದರೆ ಕೈಯಲ್ಲಿ ಕೆಲಸ ಇರುವವಳು "ಹೂಂ, ಸರಿ ಇದೆ" ಅಂದುಬಿಡುತ್ತಾಳೆ. ಈಗ ಹೀಗೆ ಕೇಳುತ್ತೇನೆ: "ಎರಡರಲ್ಲಿ ಯಾವುದು ಕೆಂಪಿನ ಕಡೆ ಇದೆ? ಯಾವುದು ಹಸಿರಿನ ಕಡೆ?" ಎರಡು ಸ್ಯಾಂಪಲ್ ಅಲ್ಲ, ಮೂರು ಕೊಡುತ್ತೇನೆ. ನಡುವಿನದು ನಾನು ಸರಿ ಅಂದುಕೊಂಡದ್ದು. ಅದರ ಎ ಅಂಕಿಗಿಂತ ನಾಲ್ಕು ಕೆಂಪಿನ ಕಡೆ ಒಂದು, ನಾಲ್ಕು ಹಸಿರಿನ ಕಡೆ ಒಂದು. ಮೂರನ್ನೂ ಕಲೆಸಿ, ಹಿಂದೆ ಪೆನ್ಸಿಲಿನಲ್ಲಿ ನಂಬರ್ ಬರೆದು, ಮೂಲ ತುಂಡಿನ ಜೊತೆ ಕೊಟ್ಟು, "ಹತ್ತಿರದ್ದು ಆರಿಸು" ಅನ್ನುತ್ತೇನೆ. ಯಾವುದು ನನ್ನದು ಅಂತ ಅವಳಿಗೆ ಗೊತ್ತಿರುವುದಿಲ್ಲ. ಹೀಗೆ ಆರಿಸಿದ ಬಣ್ಣ ಗಿರಾಕಿಯ ಹತ್ತಿರ ವಾಪಸ್ ಬಂದದ್ದು ತುಂಬಾ ಕಮ್ಮಿ.

ಗಿರಾಕಿಗೆ ಹೇಳಬೇಕಾ? ನಾನು ಹೇಳುತ್ತೇನೆ, ಆದರೆ ಕ್ಷಮೆ ಕೇಳುವ ಧಾಟಿಯಲ್ಲಿ ಅಲ್ಲ. "ಬಣ್ಣದ ಓಕೆ ನನ್ನ ತಂಗಿ ನೋಡ್ತಾಳೆ, ಅಂಕಿ ನಾನು ನೋಡ್ತೀನಿ, ಪ್ರೂಫ್ ಮೇಲೆ ಸೈನ್ ನೀವು ಮಾಡಬೇಕು, ಅದೂ ಹಗಲಲ್ಲಿ ನೋಡಿ." ಇದುವರೆಗೆ ಒಬ್ಬರೂ ಕೆಲಸ ವಾಪಸ್ ತೆಗೆದುಕೊಂಡು ಹೋಗಿಲ್ಲ. ಡ್ರೈವಿಂಗ್ ಲೈಸೆನ್ಸಿಗೇ 2020ರಲ್ಲಿ ಕೇಂದ್ರ ಸರ್ಕಾರ ಸೌಮ್ಯ ಮತ್ತು ಮಧ್ಯಮ ಬಣ್ಣಗುರುಡಿನವರಿಗೆ ದಾರಿ ಬಿಟ್ಟುಕೊಟ್ಟಿದೆ, ಇನ್ನು ಮದುವೆ ಪತ್ರಿಕೆ ಯಾವ ಲೆಕ್ಕ?

ಆ ರಾಮಾ ಗ್ರೀನ್ ತುಂಡು ಈಗಲೂ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿದೆ. ಪಕ್ಕದಲ್ಲಿ ನನ್ನ ಬೂದಿ ಪ್ರೂಫಿನ ಚೂರು. ಮೊನ್ನೆ ಮತ್ತೆ ತೆಗೆದು ನೋಡಿದೆ. ನನಗೆ ಈಗಲೂ ಎರಡೂ ಒಂದೇ.